ರಾಜೇಂದ್ರನ್ ಒಂದು ದಿನ ಮೊದಲೇ ಬಂದದ್ದು

ಸಿಂಗಾನಲ್ಲೂರಿನ ಪಂಪು ಕಾರ್ಖಾನೆಯೊಂದರಲ್ಲಿ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ರಾಜೇಂದ್ರನ್ ತನ್ನ ಐವತ್ತೊಂದು ವರ್ಷದ ಬಾಳಿನಲ್ಲಿ ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋದವನಲ್ಲ. ತನ್ನ ಮದುವೆಯ ಮುಹೂರ್ತಕ್ಕೇ ಇಪ್ಪತ್ತು ನಿಮಿಷ ತಡವಾಗಿ ಬಂದಿದ್ದ. ಪುರೋಹಿತರು ಅಷ್ಟೂ ಹೊತ್ತು ಒಂದೇ ಮಂತ್ರವನ್ನು ಎಳೆದೆಳೆದು ಹೇಳಿ ಎರಡು ಮನೆತನದ ಮಾನ ಉಳಿಸಿದ್ದರು. ಅಂಥವನು ಜೀವಮಾನದಲ್ಲಿ ಒಂದೇ ಒಂದು ಸಲ, ಇಡೀ ಒಂದು ದಿನ ಮೊದಲೇ ಬಂದುಬಿಟ್ಟ. ಆ ದಿನ ಅವನು ಪಟ್ಟ ಪಾಡು ತಡವಾಗಿ ಬಂದ ಎಲ್ಲ ದಿನಗಳದ್ದೂ ಸೇರಿಸಿದರೂ ಅಷ್ಟಾಗದು.

ಅವನು ಬಂದದ್ದು ಹಂಪಿಗೆ ಹೋಗಿ. ಮೂರು ತಿಂಗಳ ಹಿಂದೆ ಒಂದು ಮದುವೆಮನೆಯ ಪಂಕ್ತಿಯಲ್ಲಿ, ನೇಯ್ಗೆಯವರಾದ ತಮ್ಮ ಕನ್ನಡದ ಜನ ಈ ಕೊಯಮತ್ತೂರು ಸೀಮೆಗೆ ಎಲ್ಲಿಂದ ಬಂದರು ಎಂಬ ಮಾತೆದ್ದಿತ್ತು. ಅವನ ಅತ್ತೆ ಬೆಳ್ಳಿಯಮ್ಮ, "ಹಂಪಿಯಿಂದ! ಮಗ್ಗ ತಲೆ ಮೇಲೆ ಹೊತ್ಕೊಂಡು ನಡೆದೇ ಬಂದ್ರಂತೆ," ಎಂದಳು. "ಯಾರಾದ್ರೂ ಹೋಗಿ ನೋಡಿದ್ದೀರಾ?" ಎಂದು ಯಾರೋ ಕೇಳಿದರು. ಯಾರೂ ನೋಡಿರಲಿಲ್ಲ. ಆಗ ಬಾಯಿತುಂಬ ಜಾಂಗಿರಿ ಇಟ್ಟುಕೊಂಡಿದ್ದ ರಾಜೇಂದ್ರನ್, "ನಾನ್ ಹೋಗ್ತೀನಿ. ನನ್ನ ವಂಡೀಲೆ. ಒಬ್ನೇ," ಅಂದುಬಿಟ್ಟ. ವಂಡಿ ಎಂದರೆ ಅವನ ಹದಿಮೂರು ವರ್ಷದ ಮೋಟಾರ್ ಸೈಕಲ್ಲು. ಬಾಯಲ್ಲಿ ಜಾಂಗಿರಿ ಇಲ್ಲದಿದ್ದರೆ ಮಾತು ಸ್ಪಷ್ಟವಾಗಿ ಕೇಳಿ ಯಾರಾದರೂ ತಡೆಯುತ್ತಿದ್ದರೋ ಏನೋ. ತಡೆಯಲಿಲ್ಲ. ಪಳನಿಯಾಚೆ ಒಬ್ಬನೇ ಕಾಲಿಡದಿದ್ದ ಮನುಷ್ಯ ಹೋಗಿಯೇ ಹೋದ. ಹಂಪಿ ಮುಟ್ಟಿ, ಪಶ್ಚಿಮದ ಕಡಲಿಗೆ ಇಳಿದು, ಅದರ ಅಂಚು ಹಿಡಿದು ಕೇರಳ ದಾಟಿ, ಹದಿನೈದನೇ ದಿನ ಪಾಲಕ್ಕಾಡ್ ರಸ್ತೆಯಲ್ಲಿ ಮದುಕ್ಕರೈಗೆ ಬಂದು ನಿಂತ. ಮನೆಗೆ ಇನ್ನು ಇಪ್ಪತ್ತು ಕಿಲೋಮೀಟರ್.

ಗುರುವಾರ, ಬೆಳಿಗ್ಗೆ ಹತ್ತು ಗಂಟೆ.

ಇಲ್ಲೇ ಎಡವಟ್ಟು. ಅವನು ಬರಬೇಕಾಗಿದ್ದದ್ದು ಶುಕ್ರವಾರ ಸಂಜೆ ನಾಲ್ಕೂವರೆಗೆ. ವಂಡಿ ದಾರಿಯಲ್ಲಿ ಕೆಟ್ಟು ನಿಂತರೆ ರಿಪೇರಿಗೆ ಇರಲಿ ಎಂದು ಒಂದು ದಿನ ಹೆಚ್ಚಿಗೆ ಇಟ್ಟುಕೊಂಡಿದ್ದ. ಆ ಹಾಳು ವಂಡಿ ಕೆಡಲೇ ಇಲ್ಲ.

ಶುಕ್ರವಾರದ ನಾಲ್ಕೂವರೆಯನ್ನು ಗೊತ್ತುಮಾಡಿದವನು ಅವನ ಹೆಂಡತಿ ಸಾಂತಿಯ ಅಣ್ಣ ಕುಮರೇಶನ್. ತಿರುಪ್ಪೂರಿನಲ್ಲಿ ಬನಿಯನ್ ಕಂಪನಿ ಇಟ್ಟವನು. ಬರುವ ತಿಂಗಳು ಅವರ ಜಾತಿ ಸಂಘದ ಕಾರ್ಯದರ್ಶಿ ಚುನಾವಣೆಗೆ ನಿಂತಿದ್ದ. 'ಪೂರ್ವಿಕರ ನೆಲ ಕಂಡು ಬಂದ ವೀರನಿಗೆ ಸ್ವಾಗತ' ಎಂದು ಸಿಂಗಾನಲ್ಲೂರಿನ ಬೀದಿಗೆ ಅಡ್ಡಲಾಗಿ ಫ್ಲೆಕ್ಸ್ ಕಟ್ಟಿಸಿದ್ದ. ಅದರಲ್ಲಿ ವೀರನ ಮುಖ ತಟ್ಟೆಯಷ್ಟಿತ್ತು, ಕುಮರೇಶನ್ನನ ಮುಖ ಮೊರದಷ್ಟಿತ್ತು. ನಾದಸ್ವರಕ್ಕೆ ಹೇಳಿದ್ದೇನೆ, ಆಳೆತ್ತರದ ಮಾಲೆಗೆ ಹೇಳಿದ್ದೇನೆ ಎನ್ನುತ್ತಿದ್ದ. ಬಂದವರಿಗೆಲ್ಲ ಹಂಚಲು ಎರಡೂ ಮುಖಗಳಿರುವ ನೂರೈವತ್ತು ಬನಿಯನ್ ಆಗಲೇ ತಯಾರಾಗಿವೆ ಎಂದು ಸಂಘದವರಿಗೆ ಡಂಗುರ ಹೊಡೆದಿದ್ದ.

ರಾಜೇಂದ್ರನ್ ಹೆದ್ದಾರಿ ಪಕ್ಕದ ಒಂದು ಇಡ್ಲಿ ಅಂಗಡಿಯ ಮುಂದೆ ವಂಡಿ ನಿಲ್ಲಿಸಿ, ಹೆಲ್ಮೆಟ್ ಕಳಚಿ ಮೊಳಕೈಗೆ ಸಿಕ್ಕಿಸಿಕೊಂಡು, ಮೊದಲು ತಾನು ಮಚ್ಚಾನ್ ಎಂದು ಕರೆಯುವ, ತನ್ನನ್ನು ಮಾಪ್ಳೆ ಎನ್ನುವ ಈ ಭಾವನಿಗೇ ಫೋನು ಮಾಡಿದ.

"ಮಚ್ಚಾನ್, ಬಂದ್ಬುಟ್ಟೆ! ಮದುಕ್ಕರೈ! ಮುಕ್ಕಾಲು ಗಂಟೇಲಿ ಮನೇಲಿರ್ತೀನಿ!"

ಆ ಕಡೆ ಹೊಲಿಗೆ ಯಂತ್ರಗಳು ಗಡಗಡಿಸುತ್ತಿದ್ದವು. ಅವುಗಳ ನಡುವೆ ಕುಮರೇಶನ್ ಕೇಳಿದ: "ಯಾವ ಮದುಕ್ಕರೈ?"

"ನಮ್ಮ ಮದುಕ್ಕರೈನೇ ಮಚ್ಚಾನ್. ಎಷ್ಟು ಮದುಕ್ಕರೈ ಉಂಟು?"

"ಮಾಪ್ಳೆ, ನಿಮ್ಮ ಕಾಲಿಗೆ ಬೀಳ್ತೀನಿ, ಬರಬೇಡಿ! ಯಾರಾದ್ರೂ ನೋಡಿದ್ರಾ ನಿಮ್ಮನ್ನ? ಬನಿಯನ್ ಇನ್ನೂ ಪ್ರಿಂಟಿಗೇ ಹೋಗ್ಲಿಲ್ಲ. ರೆಡಿ ಆಗ್ಯದೆ ಅಂತ ಊರಿಗೆಲ್ಲ ಹೇಳಿಬುಟ್ಟಿದೀನಿ. ನೀವು ಇವತ್ತೇ ಬಂದು ತಿಣ್ಣೆ ಮೇಲೆ ಕೂತ್ಕೊಂಡ್ರೆ ನಾಳೆ ಯಾರಿಗೆ ಸ್ವಾಗತ ಮಾಡ್ಲಿ, ಕಂಬಕ್ಕಾ?"

"ಹಾಗಂತ?"

"ನಾಳೆವರೆಗೂ ಎಲ್ಲಾದ್ರೂ ಅಡಗ್ಕೊಳ್ಳಿ. ಯಾರ್ ಕೇಳಿದ್ರೂ ಇನ್ನೂ ಕೇರಳದ ಕೋಳಿಕ್ಕೋಡಲ್ಲಿದೀನಿ ಅನ್ನಿ. ಸಾಂತಿ ಕೇಳಿದ್ರೂ ಕೋಳಿಕ್ಕೋಡೇ. ಅವಳ ಬಾಯಲ್ಲಿ ಒಂದು ಮಾತೂ ನಿಲ್ಲಲ್ಲ."

ಸುತ್ತ ಇದ್ದವರೆಲ್ಲ ತಮಿಳರು, ತನ್ನ ಮನೆಮಾತು ಯಾರಿಗೂ ತಿಳಿಯದು ಎಂಬ ಧೈರ್ಯದಲ್ಲಿ ರಾಜೇಂದ್ರನ್ ಗಂಟಲು ಹರಿಯುವಂತೆ ಕಿರುಚಿದ. "ನಿಮ್ಮ ಬನಿಯನ್ ಪ್ರಿಂಟಾಗ್ಲಿಲ್ಲ ಅಂದ್ರೆ ನಾನ್ ನಮ್ಮನೆಗೆ ಹೋಗ್ಬಾರ್ದಾ ಮಚ್ಚಾನ್? ನಾಳೆ ನಾಕೂವರೆವರೆಗೂ ಇಲ್ಲಿ ಏನ್ ಮಾಡ್ಲಿ?"

ಹೀಗೆನ್ನುತ್ತ ಹೆಲ್ಮೆಟ್ ಸಿಕ್ಕಿಸಿಕೊಂಡಿದ್ದ ಕೈಯನ್ನು ಜೋರಾಗಿ ಬೀಸಿದ. ಹೆಲ್ಮೆಟ್ ಹೋಗಿ ಅಂಗಡಿಯ ಸಾಂಬಾರಿನ ಪಾತ್ರೆಗೆ ಬಡಿಯಿತು. ಪಾತ್ರೆ ಅವನ ಕಡೆಗೇ ಬಾಗಿತು. ಸೊಂಟದಿಂದ ಕೆಳಗೆ ರಾಜೇಂದ್ರನ್ ಸಾಂಬಾರಾದ.

"ಅಯ್ಯೋ ಅಣ್ಣಾ! ಸುಡ್ತಾ?" ಎಂದು ಅಂಗಡಿಯ ಹೆಂಗಸು ಓಡಿಬಂದಳು. ಹೇಳಿದ್ದು ಕನ್ನಡದಲ್ಲಿ.

ರಾಜೇಂದ್ರನ್ನನಿಗೆ ಸಾಂಬಾರಿಗಿಂತ ಅದೇ ಹೆಚ್ಚು ಸುಟ್ಟಿತು. "ನೀವೂ ನಮ್ಮ ಮಾತಿನೋರಾ?"

"ನಾವು ಗೌಡ್ರು ಅಣ್ಣಾ, ಪೊಳ್ಳಾಚಿ ಕಡೆ ತೋಟದೋರು. ನನ್ನ ಹೆಸ್ರು ತೆನ್ಮೊಳಿ," ಎಂದಳು. ಫೋನಿನ ಮಾತಿನ ಬಗ್ಗೆ ಒಂದಕ್ಷರ ಎತ್ತಲಿಲ್ಲ; ಮರ್ಯಾದಸ್ಥೆ. ಅಂಗಡಿಯ ಹಿಂದೆಯೇ ಅವಳ ಮನೆ. ಗಂಡ ಸೆಲ್ಲಪ್ಪನ್ ಪಾಳಿ ಮುಗಿಸಿ ಬಂದು ಒಳಗೆ ಗೊರಕೆ ಹೊಡೆಯುತ್ತಿದ್ದ. ಅವನದೊಂದು ನೀಲಿ ಚೌಕಳಿಯ ಕೈಲಿಯನ್ನು, ಎಂದರೆ ಲುಂಗಿಯನ್ನು, ತಂದುಕೊಟ್ಟಳು. "ಇದನ್ನ ಉಟ್ಕೊಳ್ಳಿ. ಪ್ಯಾಂಟು ಒಗೆದು ಹಾಕ್ತೀನಿ, ಬಿಸಿಲಿಗೆ ಒಂದು ಗಂಟೇಲಿ ಒಣಗ್ತದೆ."

ರಾಜೇಂದ್ರನ್ ಲುಂಗಿ ಉಟ್ಟು ಅವಳ ಜಗುಲಿಯ ಮೇಲೆ ಕೂತ. ಅವಳು ನಾಲ್ಕು ಇಡ್ಲಿ ತಂದಿಟ್ಟಳು, ಹೊಸ ಚಟ್ನಿಯೊಡನೆ. ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ಸಾಂತಿಯ ಫೋನು.

"ಏನುಂಗ, ಎಲ್ಲಿದೀರಾ?"

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ರಾಜೇಂದ್ರನ್ ಹೆಂಡತಿಗೆ ಸುಳ್ಳು ಹೇಳಿದವನಲ್ಲ. ಒಳ್ಳೆಯತನಕ್ಕಲ್ಲ, ಹೇಳಿದ್ದು ಏನೆಂದು ಆಮೇಲೆ ನೆನಪಿಟ್ಟುಕೊಳ್ಳಲು ಅವನಿಂದಾಗುತ್ತಿರಲಿಲ್ಲ. ತುತ್ತನ್ನು ತಟ್ಟೆಗೆ ಇಳಿಸಿದ.

"ಕೋಳಿಕ್ಕೋಡು," ಎಂದ.

ಅದೇ ಗಳಿಗೆಗೆ ಎದುರಿನ ನಿಲ್ದಾಣಕ್ಕೆ ಕೊಯಮತ್ತೂರು ಪೇಟೆಯ ಉಕ್ಕಡಂಗೆ ಹೋಗುವ ಬಸ್ಸೊಂದು ಬಂದು ಕಂಡಕ್ಟರು ಇಡೀ ಹೆದ್ದಾರಿಗೆ ಕೇಳುವಂತೆ, "ಉಕ್ಕಡಂ! ಉಕ್ಕಡಂ! ಉಕ್ಕಡಂ!" ಎಂದು ಕೂಗಿದ.

"ಕೋಳಿಕ್ಕೋಡಲ್ಲಿ ಉಕ್ಕಡಂ ಬಸ್ಸಾ?"

"ಇಲ್ಲೂ ಒಂದು ಉಕ್ಕಡಂ ಉಂಟು."

"ಓ," ಎಂದಳು ಸಾಂತಿ. ನಂಬಿಬಿಟ್ಟಳು. "ಹುಷಾರಾಗಿ ಬನ್ನಿ. ನಾಳೆ ನಿಮಗೆ ಹುರುಳಿ ಸಾರು ಮಾಡ್ತೀನಿ." ಅವಳು ಜಗಳ ತೆಗೆದಿದ್ದರೂ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಹನ್ನೊಂದೂವರೆಗೆ ಆ ದಾರಿಯಲ್ಲಿ ಒಂದು ಕುಟ್ಟಿಯಾನೆ ಬಂತು. ಕುಟ್ಟಿಯಾನೆ ಎಂದರೆ ಆನೆಯಲ್ಲ, ಸಾಮಾನು ಸಾಗಿಸುವ ಪುಟ್ಟ ಲಾರಿ. ಓಡಿಸುತ್ತಿದ್ದವನು ಮಾರಿಮುತ್ತು, ರಾಜೇಂದ್ರನ್ನನ ಪಕ್ಕದ ಮನೆಯವನು. ಲೋಡು ಇಳಿಸಿ ವಾಪಸು ಬರುತ್ತಿದ್ದವನು ಇಡ್ಲಿ ಅಂಗಡಿ ಕಂಡು ನಿಧಾನಿಸಿದ. ನಿಧಾನಿಸಿ ಜಗುಲಿಯ ಕಡೆ ನೋಡಿದ. ಅಲ್ಲಿ ಕೋಳಿಕ್ಕೋಡಿನಲ್ಲಿರಬೇಕಾದ ನೆರೆಮನೆಯವನು ಲುಂಗಿ ಉಟ್ಟು, ಕಾಲು ಮಡಚಿ, ಮನೆಯ ಯಜಮಾನನಂತೆ ಕೂತಿದ್ದ. ಹೆಂಗಸೊಬ್ಬಳು ಬಗ್ಗಿ, "ಇನ್ನೊಂದು ಹಾಕ್ಲಾ ಅಣ್ಣಾ?" ಎನ್ನುತ್ತ ಇಡ್ಲಿ ಬಡಿಸುತ್ತಿದ್ದಳು. ಹಿಂದೆ ಹಗ್ಗದ ಮೇಲೆ ಅವನ ಪ್ಯಾಂಟು ಒಣಗುತ್ತಿತ್ತು. "ಅಣ್ಣಾ" ಎಂಬುದು ಲಾರಿಯವರೆಗೆ ಕೇಳಿಸಲಿಲ್ಲ. ಮಾರಿಮುತ್ತು ಇಳಿಯಲಿಲ್ಲ, ಮಾತಾಡಿಸಲಿಲ್ಲ. ಕಿಟಕಿಯಿಂದ ಒಂದು ಫೋಟೋ ಹೊಡೆದುಕೊಂಡು ಹೊರಟುಹೋದ.

ಎರಡು ನಿಮಿಷದಲ್ಲಿ ಬೀದಿಯ ವಾಟ್ಸಾಪ್ ಗುಂಪಿಗೆ ಆ ಫೋಟೋ ಬಂತು. ಆ ಗುಂಪಿನಲ್ಲಿ ರಾಜೇಂದ್ರನ್ ಕೂಡ ಇದ್ದಾನೆ ಎಂಬುದನ್ನು ಬೀದಿ ಮರೆತಿತ್ತು. ಅವನು ಫೋನು ಕೈಗೆತ್ತಿಕೊಂಡಾಗ ತನ್ನದೇ ಚಿತ್ರದ ಕೆಳಗೆ ನಲವತ್ಮೂರು ಸಂದೇಶಗಳು. ಮಾರಿಮುತ್ತುವಿನ ಧ್ವನಿಸಂದೇಶವೊಂದನ್ನು ಒತ್ತಿದ.

"ಹದಿನೈದು ದಿನದಿಂದ ಹಂಪಿ ಗಿಂಪಿ ಅಂತ ಫೋಟೋ ಹಾಕ್ತಿದ್ನಲ್ಲ, ಎಲ್ಲ ಎಐ ಅಂತೆ! ನನ್ನ ಮಗ ಹೇಳ್ದ. ಅದ್ರಲ್ಲಿ ಒಂದು ಕಲ್ಲಿನ ರಥ ಇತ್ತಲ್ಲ, ಕಲ್ಲಲ್ಲಿ ಯಾರಾದ್ರೂ ರಥ ಮಾಡ್ತಾರಾ? ಮಾಡಿದ್ರೂ ಎಳೆಯೋರ್ಯಾರು? ಇಷ್ಟು ದಿನ ಇವನು ಇಲ್ಲೇ, ಮದುಕ್ಕರೈಲೇ, ಸಂಸಾರ..."

ಅಲ್ಲಿಗೆ ಫೋನಿನ ಬ್ಯಾಟರಿ ಸತ್ತಿತು.

ಮಾರಿಮುತ್ತುವನ್ನು ಅಡ್ಡಗಟ್ಟಬೇಕು, ಅವನ ಫೋನಿನಿಂದಲೇ ಬೀದಿಗೆಲ್ಲ ನಿಜ ಹೇಳಿಸಬೇಕು, ಸಾಂತಿಯ ಕಣ್ಣಿಗೆ ಬೀಳುವ ಮೊದಲೇ. ಇಷ್ಟೇ ರಾಜೇಂದ್ರನ್ನನ ತಲೆಯಲ್ಲಿದ್ದದ್ದು. ಹೆಲ್ಮೆಟ್ ಜಗುಲಿಯ ಮೇಲೆ ಬಿಟ್ಟು, ಪ್ಯಾಂಟು ಹಗ್ಗದ ಮೇಲೆ ಬಿಟ್ಟು, ಲುಂಗಿ ಎತ್ತಿಕಟ್ಟಿ ವಂಡಿ ಏರಿದ. ತೆನ್ಮೊಳಿ, "ಅಣ್ಣಾ! ಪ್ಯಾಂಟು!" ಎಂದು ಕೂಗಿದ್ದು ಅವನಿಗೆ ಕೇಳಿಸಲಿಲ್ಲ.

ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಪೊಲೀಸರು ವಾಹನ ತಪಾಸಣೆಗೆ ನಿಂತಿದ್ದರು. ಕುಟ್ಟಿಯಾನೆ ಅವರನ್ನು ದಾಟಿ ಹೋಗಿಯಾಗಿತ್ತು. ಅದರ ಹಿಂದೆ ತಲೆಗೆ ಹೆಲ್ಮೆಟ್ಟಿಲ್ಲದೆ, ಲುಂಗಿ ಬಾವುಟದಂತೆ ಹಾರಿಸಿಕೊಂಡು, "ಮಾರಿಮುತ್ತೂ!" ಎಂದು ಅರಚುತ್ತ ಬಂದವನನ್ನು ಯಾವ ಪೊಲೀಸು ತಾನೇ ಬಿಟ್ಟಾನು?

ಎಸ್.ಐ. ಸೆಂದಿಲ್ ಕುಮಾರ್ ತಾಳ್ಮೆಯ ಮನುಷ್ಯರು. ತಮಿಳಿನಲ್ಲಿ ಮೆಲ್ಲಗೆ ಕೇಳಿದರು: "ಲೈಸೆನ್ಸು?"

"ಪ್ಯಾಂಟಿನ ಜೇಬಲ್ಲಿದೆ ಸಾರ್."

"ಪ್ಯಾಂಟು?"

"ಒಬ್ಬರ ಮನೆ ಹಗ್ಗದ ಮೇಲಿದೆ ಸಾರ್."

"ಯಾರ ಮನೆ?"

"ತೆನ್ಮೊಳಿ ಅಂತ. ಇವತ್ತೇ ಪರಿಚಯ ಸಾರ್."

ಎಸ್.ಐ. ಪಕ್ಕದ ಕಾನ್‌ಸ್ಟೇಬಲ್ಲಿನ ಮುಖ ನೋಡಿದರು. ಕಾನ್‌ಸ್ಟೇಬಲ್ಲು ಆಕಾಶ ನೋಡಿದ.

"ಎಲ್ಲಿಂದ ಬರ್ತಿದ್ದೀರಾ?"

"ಹಂಪಿಯಿಂದ ಸಾರ್."

"ಲುಂಗಿಯಲ್ಲಾ?"

ವಂಡಿಯ ಮೀಟರು ನೋಡೋಣವೆಂದರೆ ಅದು ನಾಲ್ಕು ವರ್ಷದ ಹಿಂದೆಯೇ ನಿಂತುಹೋಗಿತ್ತು. ಫೋನಿನಲ್ಲಿ ಫೋಟೋ ತೋರಿಸಿ ಎಂದರೆ ಫೋನು ಸತ್ತಿತ್ತು. ಅದನ್ನೂ ಅವನನ್ನೂ ಹೆದ್ದಾರಿ ಪಕ್ಕದ ಔಟ್‌ಪೋಸ್ಟಿಗೆ ಕರೆದೊಯ್ದರು. ಅಲ್ಲಿದ್ದ ಮೂರು ಚಾರ್ಜರುಗಳಲ್ಲಿ ಒಂದೂ ಆ ಫೋನಿನ ಬಾಯಿಗೆ ಹೊಂದಲಿಲ್ಲ.

"ಮನೆಯವರ ನಂಬರು ಹೇಳಿ."

ರಾಜೇಂದ್ರನ್ನನಿಗೆ ಬಾಯಿಪಾಠ ಇದ್ದದ್ದು ಲೋಕದಲ್ಲಿ ಒಂದೇ ನಂಬರು, ಸಾಂತಿಯದು. ಅವನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಎಸ್.ಐ. ಒಳಗೆ ಹೋಗಿ ಫೋನು ಮಾಡಿದರು. ಕಿಟಕಿಯಿಂದ ಅವರ ಕಡೆಯ ಮಾತಷ್ಟೇ ಕೇಳುತ್ತಿತ್ತು.

"ರಾಜೇಂದ್ರನ್ ಅನ್ನೋರು ನಿಮ್ಮ ಯಜಮಾನರಾ?... ಈಗ ಎಲ್ಲಿದ್ದಾರೆ?... ಕೋಳಿಕ್ಕೋಡಾ?... ಖಚಿತವಾಗಿ ಗೊತ್ತಾ ಅಮ್ಮಾ?... ಅವರೇ ಹೇಳಿದ್ರಾ?... ಸರಿ, ವಂಡಿ ನಂಬರು ಹೇಳ್ತೀನಿ, ನಿಮ್ಮದೇನಾ ನೋಡಿ... ಅಳಬೇಡಿ ಅಮ್ಮಾ. ಅಳಬೇಡಿ. ಯಾರನ್ನಾದ್ರೂ ಕರ್ಕೊಂಡು ಇಲ್ಲಿಗೆ ಬನ್ನಿ."

ಹೊರಗೆ ಬಂದಾಗ ಅವರ ಮುಖದ ತಾಳ್ಮೆ ಬತ್ತಿಹೋಗಿತ್ತು. "ವಂಡಿ ಅವರ ಯಜಮಾನರದು. ಅವರ ಯಜಮಾನರು ಕೋಳಿಕ್ಕೋಡಲ್ಲಿದ್ದಾರೆ. ಅವರ ಫೋನು ಸ್ವಿಚ್ ಆಫ್ ಬರ್ತಿದೆ. ಈಗ ಹೇಳು, ನೀನ್ಯಾರು?"

'ನೀವು' ಹೋಗಿ 'ನೀನು' ಬಂದದ್ದು ಕೇಳಿ ರಾಜೇಂದ್ರನ್ ಬೆಂಚಿನಿಂದ ಎದ್ದು ನಿಂತ.

"ಆ ಕೋಳಿಕ್ಕೋಡಲ್ಲಿರೋನು ನಾನೇ ಸಾರ್."

"ಅವರನ್ನ ಏನು ಮಾಡಿದೆ?"

"ಸಾರ್, ನಮ್ಮ ಮಚ್ಚಾನ್ ಹೇಳಿದ್ರು, ಕೋಳಿಕ್ಕೋಡು ಅನ್ನು ಅಂತ. ಬನಿಯನ್ ಪ್ರಿಂಟಾಗಿರಲಿಲ್ಲ ಸಾರ್."

"ಮಚ್ಚಾನ್ ನಂಬರು?"

"ಫೋನಲ್ಲಿದೆ ಸಾರ್."

ಎಸ್.ಐ., "ಆ ಪ್ಯಾಂಟಾದ್ರೂ ನಿಜವಾಗಿ ಇದೆಯಾ ನೋಡ್ಕೊಂಡು ಬಾ. ಇದ್ರೆ, ಅದರ ಜೊತೆ ಆ ಹೆಂಗಸನ್ನೂ ಕರ್ಕೊಂಡು ಬಾ," ಎಂದು ಕಾನ್‌ಸ್ಟೇಬಲ್ಲನ್ನು ಕಳುಹಿಸಿದರು.

ಬೆಂಚಿನ ಮೇಲೆ ಕೂತ ರಾಜೇಂದ್ರನ್ನನಿಗೆ ಹೊತ್ತು ಸರಿಯಲಿಲ್ಲ. ಅತ್ತ ಸಿಂಗಾನಲ್ಲೂರಿನಲ್ಲಿ ಏನಾಯಿತೆಂಬುದು ಅವನಿಗೆ ಆಮೇಲೆ ತಿಳಿದದ್ದು. ಪೊಲೀಸರ ಮಾತು ಕೇಳಿದ ಸಾಂತಿ ಗಂಡನ ಫೋನಿಗೆ ಮೂವತ್ತೊಂದು ಸಲ ಕರೆ ಮಾಡಿದ್ದಳು. ಯಾವನೋ ತನ್ನ ಗಂಡನನ್ನು ಕೇರಳದ ಕಾಡಿನಲ್ಲಿ ಬಡಿದು ಹಾಕಿ ವಂಡಿ ಕದ್ದು ತಂದಿದ್ದಾನೆ ಎಂದು ಬೀದಿಯಲ್ಲಿ ಬಿದ್ದು ಹೊರಳಿದ್ದಳು. ಅಷ್ಟರಲ್ಲಿ ಮಾರಿಮುತ್ತು ಬಂದು ಫೋಟೋ ತೋರಿಸಿ, "ಅಕ್ಕಾ, ಅಳಬೇಡಿ, ಅವರು ಸತ್ತಿಲ್ಲ. ಅದಕ್ಕಿಂತ ಕೆಟ್ಟದ್ದಾಗಿದೆ," ಎಂದು ಸಮಾಧಾನ ಮಾಡಿದ್ದ. ಫ್ಲೆಕ್ಸ್ ನೋಡಲು ತಿರುಪ್ಪೂರಿನಿಂದ ಬಂದಿದ್ದ ಕುಮರೇಶನ್ ಹಿಂದಿನ ಸಂದಿಯಲ್ಲಿ ಜಾರಿಕೊಳ್ಳಲು ನೋಡಿ ತಾಯಿಯ ಕೈಗೆ ಸಿಕ್ಕಿಬಿದ್ದಿದ್ದ.

ನಾಲ್ಕು ಗಂಟೆಗೆ ಔಟ್‌ಪೋಸ್ಟಿನ ಮುಂದೆ ಕುಟ್ಟಿಯಾನೆ ಬಂದು ನಿಂತಿತು. ಹಿಂಬದಿಯ ತೊಟ್ಟಿಯಿಂದ ಒಬ್ಬೊಬ್ಬರಾಗಿ ಇಳಿದರು. ಬೆಳ್ಳಿಯಮ್ಮ, ಕುಮರೇಶನ್, ಸಂಘದ ಐದಾರು ಹಿರಿಯರು, ಬೀದಿಯ ಅರ್ಧ ಜನ. ಕೊನೆಗೆ ಸಾಂತಿ. ಅವಳ ಒಂದು ಕಾಲಲ್ಲಿ ತನ್ನ ಚಪ್ಪಲಿ, ಇನ್ನೊಂದರಲ್ಲಿ ಬೇರೆ ಯಾರದೋ ಚಪ್ಪಲಿ ಇತ್ತು. ಕಣ್ಣು ಬಾತಿದ್ದವು. ಅದನ್ನು ನೋಡಿದ ಮೇಲೆ ರಾಜೇಂದ್ರನ್ನನಿಗೆ ಕೇಸು, ಲಾಕಪ್ಪು, ಮಾನ, ಯಾವುದರ ಹೆದರಿಕೆಯೂ ಉಳಿಯಲಿಲ್ಲ. ಆ ಚಪ್ಪಲಿಗಳನ್ನೇ ನೋಡುತ್ತ ನಿಂತ.

"ಅಮ್ಮಾ, ಇವನು ಯಾರು?" ಎಂದರು ಎಸ್.ಐ.

"ಗೊತ್ತಿಲ್ಲ ಅನ್ನು!" ಎಂದು ಬೆಳ್ಳಿಯಮ್ಮ ಮಗಳ ಕಿವಿಯಲ್ಲಿ ಬುಸುಗುಟ್ಟಿದಳು. "ಎರಡು ದಿನ ಒಳಗಿದ್ರೆ ಬುದ್ಧಿ ಬರ್ತದೆ."

ಸಾಂತಿ ಮುಂದೆ ಬಂದು ಗಂಡನ ಎರಡು ಕೈಗಳನ್ನೂ ಹಿಡಿದು ತಿರುಗಿಸಿ ನೋಡಿದಳು. ಮಣಿಕಟ್ಟಿನ ತನಕ ಸುಟ್ಟ ಬದನೆಕಾಯಿಯ ಬಣ್ಣ, ಅದರ ಮೇಲೆ ತೋಳಿನೊಳಗೆ ಹಳೆಯ ಮೈಬಣ್ಣ. ಮೂಗಿನ ತುದಿಯ ಸಿಪ್ಪೆ ಸುಲಿದಿತ್ತು.

"ನಮ್ಮ ಯಜಮಾನರು ಸಾರ್."

"ಅವರು ಕೋಳಿಕ್ಕೋಡಲ್ಲಿದ್ದಾರೆ ಅಂದ್ರಲ್ಲ?"

"ಅವರು ಹೇಳಿದ್ರು, ನಾನ್ ಹೇಳ್ದೆ." ಆಮೇಲೆ ಗಂಡನ ಕಡೆ ತಿರುಗಿ, ಕನ್ನಡದಲ್ಲಿ, ಬಹಳ ಮೆಲ್ಲಗೆ ಕೇಳಿದಳು: "ಯಾಕುಂಗ ಹಾಗಂದ್ರಿ? ನೀವು ಸತ್ತೇ ಹೋದ್ರಿ ಅಂದ್ಕೊಂಡೆ."

ರಾಜೇಂದ್ರನ್ ಹೇಳಹೊರಡುವಷ್ಟರಲ್ಲಿ ಎಸ್.ಐ. ಗುಂಪಿನ ಕಡೆ ತಿರುಗಿದರು. "ಇಲ್ಲಿ ಮಚ್ಚಾನ್ ಅನ್ನೋರು ಯಾರು? ನೀವಾ? ಇವತ್ತು ಮನೆಗೆ ಬರಬೇಡ, ಕೋಳಿಕ್ಕೋಡು ಅಂತ ಸುಳ್ಳು ಹೇಳು ಅಂತ ನೀವೇ ಹೇಳಿಕೊಟ್ರಿ ಅಂತಾರೆ. ನಿಜವಾ?"

ಎಲ್ಲರೂ ಕುಮರೇಶನ್ನನ ಕಡೆ ತಿರುಗಿದರು. ಅವನು ಸಂಘದ ಹಿರಿಯರನ್ನು ನೋಡಿದ. ಹಿರಿಯರು ಅವನನ್ನು ನೋಡಿದರು. ಚುನಾವಣೆಗೆ ಇಪ್ಪತ್ತೆರಡು ದಿನ ಉಳಿದಿತ್ತು. ಕುಮರೇಶನ್ ಅಂಗಿಯ ಕಾಲರು ಸರಿಮಾಡಿಕೊಂಡ.

"ನಾನಾ? ನಾನ್ಯಾಕೆ ಸಾರ್ ಹೇಳ್ಲಿ? ಮಾಪ್ಳೆ ಜೊತೆ ಮಾತಾಡಿಯೇ ನಾಲ್ಕು ದಿನ ಆಯ್ತು."

ತಂದೆ ಹೋದ ಮೇಲೆ ಸಾಂತಿಯನ್ನು ಧಾರೆ ಎರೆದುಕೊಟ್ಟವನು ಈ ಅಣ್ಣ. ಅವನ ಎದುರು ಅವಳು ಕುರ್ಚಿಯ ಮೇಲೆ ಕೂತವಳಲ್ಲ. ಈಗ ಅವಳು ಅಣ್ಣನ ಮುಖವನ್ನೊಮ್ಮೆ, ಗಂಡನ ಮುಖವನ್ನೊಮ್ಮೆ ನೋಡುತ್ತಿದ್ದಳು. ಇಬ್ಬರಲ್ಲಿ ಒಬ್ಬ ಸುಳ್ಳುಗಾರ, ಯಾರೆಂದು ಅವಳೇ ಗೊತ್ತುಮಾಡಬೇಕಿತ್ತು. ಗುಂಪಿನಲ್ಲಿ ಯಾರೋ ಎಸ್.ಐ.ಗೂ ಕೇಳುವಂತೆ ತಮಿಳಿನಲ್ಲಿ, "ಹಂಪಿಯ ಆ ಕಲ್ಲಿನ ರಥವೂ ಎಐ," ಎಂದು ಪಿಸುಗುಟ್ಟಿದರು.

ಆಗ, ಮಧ್ಯಾಹ್ನದ ಊಟವನ್ನೂ ನಿದ್ದೆಯನ್ನೂ ಮುಗಿಸಿಕೊಂಡು, ಕಾನ್‌ಸ್ಟೇಬಲ್ಲು ಬಂದ. ಅವನ ಹಿಂದೆ ತೆನ್ಮೊಳಿ, ಮಡಿಸಿದ ಪ್ಯಾಂಟನ್ನೂ ಹೆಲ್ಮೆಟ್ಟನ್ನೂ ಎದೆಗವಚಿಕೊಂಡು. ಅವಳ ಹಿಂದೆ, ನಿದ್ದೆ ಕೆಟ್ಟ ಕೋಪದಲ್ಲಿ, ಸೆಲ್ಲಪ್ಪನ್.

ಗುಂಪು ದಾರಿ ಬಿಟ್ಟುಕೊಟ್ಟಿತು. ಫೋಟೋದ ಹೆಂಗಸು ಖುದ್ದಾಗಿ ಬಂದಿದ್ದಳು. ಇನ್ನು ನೋಡಬೇಕಾದ ಕಾಲ. ಮಾರಿಮುತ್ತು ಫೋನು ಎತ್ತಿ ಹಿಡಿದ.

ಸೆಲ್ಲಪ್ಪನ್ ನೇರವಾಗಿ ರಾಜೇಂದ್ರನ್ನನ ಸೊಂಟದ ಕಡೆ ಬೆರಳು ತೋರಿಸಿದ. "ಸಾರ್, ಆ ಕೈಲಿ ನಂದು. 'ಯಾರೋ ಪಾಪದ ಅಣ್ಣ, ಸಾಂಬಾರು ಚೆಲ್ಲಿಕೊಂಡ, ನಿನ್ನ ಕೈಲಿ ಕೊಟ್ಟಿದೀನಿ' ಅಂತ ನನ್ನನ್ನ ಎಬ್ಬಿಸಿಯೇ ಹೇಳಿದ್ಲು ಇವಳು. ಕೊಡ್ಲಿ, ಬೇಡ ಅನ್ನಲ್ಲ. ಆದ್ರೆ ಅದು ಹೊಸದು ಸಾರ್!"

ಮಾರಿಮುತ್ತುವಿನ ಫೋನು ಮೆಲ್ಲಗೆ ಕೆಳಗಿಳಿಯಿತು.

ತೆನ್ಮೊಳಿ ಎಸ್.ಐ.ಗೆ ಪ್ಯಾಂಟು ಒಪ್ಪಿಸಿದಳು. ಜೇಬಿನಲ್ಲಿ ಲೈಸೆನ್ಸು ಇತ್ತು, ಆರ್.ಸಿ. ಇತ್ತು, ಒದ್ದೆಯಾಗಿ ಒಣಗಿ ಹಪ್ಪಳದಂತಾದ ಹಂಪಿಯ ಲಾಡ್ಜೊಂದರ ರಸೀದಿಯೂ ಇತ್ತು. ಅಲ್ಲಿಗೆ ಸುಮ್ಮನಾಗಿ ಹೊರಟುಬಿಡುವವಳೇ. ಆದರೆ ಸಾಂತಿಯ ಮುಖ ನೋಡಿ ನಿಂತಳು. ಕನ್ನಡದಲ್ಲಿ ಕೇಳಿದಳು:

"ಅಕ್ಕಾ, ನೀವು ಈ ಅಣ್ಣನ ಮನೆಯೋರಾ? ಬೆಳಿಗ್ಗೆ ಅಂಗಡಿ ಮುಂದೆ ಎಷ್ಟು ಒದ್ದಾಡಿದ್ರು ಗೊತ್ತಾ? 'ನಿಮ್ಮ ಬನಿಯನ್ ಪ್ರಿಂಟಾಗ್ಲಿಲ್ಲ ಅಂದ್ರೆ ನಾನ್ ನಮ್ಮನೆಗೆ ಹೋಗ್ಬಾರ್ದಾ ಮಚ್ಚಾನ್' ಅಂತ ಫೋನಲ್ಲಿ ಕೂಗಿದ್ರು. ನಮ್ಮ ಸಾಂಬಾರು ಹೋದದ್ದೇ ಆ ಕೂಗಿಗೆ."

ಎಸ್.ಐ.ಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೆ ಇಡೀ ಗುಂಪಿನ ಮುಖ ಒಟ್ಟಿಗೆ ಕುಮರೇಶನ್ನನ ಕಡೆ ತಿರುಗಿದ್ದು ನೋಡಿ ತಿಳಿಯಬೇಕಾದಷ್ಟು ತಿಳಿದುಕೊಂಡರು.

ಮೊದಲು ಬಾಯಿ ಬಿಟ್ಟವಳು ಬೆಳ್ಳಿಯಮ್ಮ. "ಬನಿಯನ್ ಇನ್ನೂ ಪ್ರಿಂಟಾಗ್ಲಿಲ್ವೇನೋ?"

"ಅಮ್ಮಾ, ಅದು... ನಾಳೆ ಬೆಳಿಗ್ಗೆ..."

"ನೂರೈವತ್ತು ಬನಿಯನ್ ಮನೇಲಿ ಕಟ್ಟಿಟ್ಟಿದೀನಿ ಅಂತ ಹೇಳ್ದೆಯಲ್ಲೋ! ಸಂಘದೋರಿಗೆಲ್ಲ ಎರಡೆರಡು ಅಂತ ನಾನ್ ಮಾತು ಕೊಟ್ಟಿದೀನಲ್ಲೋ!" ಅಳಿಯನ ಮೇಲೆ ಹೊರಟಿದ್ದ ಬೆಳ್ಳಿಯಮ್ಮನ ಕೋಪವೆಲ್ಲ ದಿಕ್ಕು ಬದಲಿಸಿ ಮಗನ ಮೇಲೆ ಬಿತ್ತು. ಸಂಘದ ಹಿರಿಯರೊಬ್ಬರು ಕೆಮ್ಮಿ, "ಹಾಗಾದ್ರೆ ನಾದಸ್ವರದೋರಿಗಾದ್ರೂ ಹೇಳಿದೀರಾ ಕುಮರೇಶಾ?" ಎಂದು ಕೇಳಿದರು. ಕುಮರೇಶನ್ ಮತ್ತೆ ಕಾಲರು ಸರಿಮಾಡಿಕೊಂಡ.

ಸಾಂತಿ ಮಾತ್ರ ಕೂಗಾಡಲಿಲ್ಲ. ಅಣ್ಣನ ಎದುರು ಹೋಗಿ ನಿಂತು, ಜೀವನದಲ್ಲಿ ಮೊದಲ ಸಲ ಅವನ ಕಣ್ಣಿಗೆ ಕಣ್ಣಿಟ್ಟಳು. "ಅಣ್ಣಾ, ಮಧ್ಯಾಹ್ನದಿಂದ ನಾನ್ ಬೀದೀಲಿ ಬಿದ್ದು ಅಳ್ತಿದ್ದೆ. ನೀವು ಅಲ್ಲೇ ಇದ್ರಿ."

ಕುಮರೇಶನ್ ತಲೆ ತಗ್ಗಿಸಿದ. "ಆಯ್ತಮ್ಮಾ, ತಪ್ಪಾಯ್ತು. ಈಗ್ಲೂ ಏನೂ ಕೆಟ್ಟಿಲ್ಲ. ಇವತ್ತು ಮಾಪ್ಳೆ ಇಲ್ಲೇ ಎಲ್ಲಾದ್ರೂ ಇದ್ದು, ನಾಳೆ ನಾಕೂವರೆಗೆ..." ಎಂದ.

"ನಾಳೆ ನಾಕೂವರೆಗೆ ನೀವೇ ವಂಡೀಲಿ ಬನ್ನಿ ಅಣ್ಣಾ. ಮಾಲೆ ನಿಮಗೇ ಹಾಕ್ಸೋಣ," ಎಂದಳು ಸಾಂತಿ. ಆಮೇಲೆ ಎಸ್.ಐ. ಕಡೆ ತಿರುಗಿ ತಮಿಳಿನಲ್ಲಿ ಕೇಳಿದಳು: "ಸಾರ್, ಇವರನ್ನ ಕರ್ಕೊಂಡು ಹೋಗಬಹುದಾ?"

"ಹೆಲ್ಮೆಟ್ ಹಾಕಿರಲಿಲ್ಲ, ಅದಕ್ಕೆ ದಂಡ ಕಟ್ಟಿ ಹೋಗಿ," ಎಂದರು ಸೆಂದಿಲ್ ಕುಮಾರ್. "ಉಳಿದದ್ದಕ್ಕೆಲ್ಲ ಯಾವ ಸೆಕ್ಷನ್ ಹಾಕಬೇಕೋ ನನಗೆ ಗೊತ್ತಿಲ್ಲ." ಆಮೇಲೆ ಗುಟ್ಟು ಕೇಳುವವರಂತೆ ಬಗ್ಗಿದರು. "ಆ ಕಲ್ಲಿನ ರಥ ನಿಜವಾಗ್ಲೂ ಇದೆಯಾ ಸಾರ್?"

'ಸಾರ್' ಎಂದದ್ದು ರಾಜೇಂದ್ರನ್ನನಿಗೆ. "ಇದೆ ಸಾರ್," ಎಂದ ಅವನು. ಆ ದಿನ ಅವನ ನಿಜವಾದ ಮಾತನ್ನು ಒಬ್ಬರು ನಂಬಿದ್ದು ಅದೇ ಮೊದಲು.

ಪ್ಯಾಂಟು ತೊಟ್ಟು, ಲುಂಗಿಯನ್ನು ಸೆಲ್ಲಪ್ಪನ್ನನ ಕೈಗೆ ಎರಡೂ ಕೈಯಿಂದ ಒಪ್ಪಿಸಿ, ರಾಜೇಂದ್ರನ್ ವಂಡಿಯ ಬಳಿ ಬಂದಾಗ ಸಾಂತಿ ಆಗಲೇ ಹಿಂದಿನ ಸೀಟಿನ ಮೇಲೆ ಕೈಯಿಟ್ಟು ನಿಂತಿದ್ದಳು. ಮಾರಿಮುತ್ತುವಿನ ಲಾರಿಯಲ್ಲಿ ಬಿದ್ದಿದ್ದ ಹೆಲ್ಮೆಟ್ಟೊಂದನ್ನು ಕಿತ್ತುಕೊಂಡಿದ್ದಳು.

"ಸಾಂತಿ," ಎಂದ ಅವನು ಮೆಲ್ಲಗೆ. "ಇನ್ನಿಪ್ಪತ್ತೇ ಕಿಲೋಮೀಟರ್ ಉಳಿದಿರೋದು. ಒಬ್ನೇ ಮುಗಿಸ್ತೀನಿ ಅಂತ..."

ಅವಳು ಅವನನ್ನು ನೋಡಿದಳು. ಅವನು ಮಾತು ನಿಲ್ಲಿಸಿ ಕಿಕ್ಕರ್ ಒದ್ದ.

ಉಕ್ಕಡಂನ ಸಿಗ್ನಲ್ಲಿಗೆ ನಿಂತಾಗ ಸಾಂತಿ ಹಿಂದಿನಿಂದ, "ಆ ಇನ್ನೊಂದು ಉಕ್ಕಡಂ ಎಲ್ಲಿ ಬರ್ತದೆ?" ಎಂದು ಕೇಳಿದಳು. ರಾಜೇಂದ್ರನ್ ಸಿಗ್ನಲ್ಲಿನ ಕೆಂಪು ದೀಪವನ್ನೇ ಭಕ್ತಿಯಿಂದ ನೋಡುತ್ತಿದ್ದ. ಅವಳು ಅವನ ಬೆನ್ನಿಗೊಂದು ಗುದ್ದಿದಳು. ಹಗುರವಾಗಿಯೇನೂ ಅಲ್ಲ. ಗುದ್ದಿದ ಕೈಯನ್ನು ಅಲ್ಲೇ ಇಟ್ಟುಕೊಂಡಳು.

ಸಿಂಗಾನಲ್ಲೂರಿಗೆ ಬಂದಾಗ ಆರು ಗಂಟೆ. ಬೀದಿಯಲ್ಲಿ ನರಪಿಳ್ಳೆಯಿಲ್ಲ. ಸ್ವಾಗತಿಸಬೇಕಾದವರೆಲ್ಲ ಬೈಯುವುದಕ್ಕೆಂದು ಮದುಕ್ಕರೈಗೆ ಹೋಗಿ, ವಾಪಸು ಬರುವ ಕುಟ್ಟಿಯಾನೆಯಲ್ಲಿ ಎಲ್ಲೋ ಟ್ರಾಫಿಕ್ಕಿಗೆ ಸಿಕ್ಕಿಕೊಂಡಿದ್ದರು. ಮನೆಯ ಬೀಗದ ಕೈ ಬೆಳ್ಳಿಯಮ್ಮನ ಸೊಂಟದಲ್ಲಿತ್ತು. ಗಂಡ ಹೆಂಡತಿ ಹೊರಗಿನ ಮೆಟ್ಟಿಲ ಮೇಲೆ ಕೂತರು.

ಎದುರು ಮನೆಯ ಜಗುಲಿಯಲ್ಲಿ ಮುತ್ತಮ್ಮಾಳ್ ಒಬ್ಬಳೇ ಕೂತು ನುಗ್ಗೆ ಸೊಪ್ಪು ಬಿಡಿಸುತ್ತಿದ್ದಳು. ಎಂಬತ್ತು ದಾಟಿದ ಮುದುಕಿ, ಕಿವಿ ಮಂದ, ಫೋನು ಇಟ್ಟವಳಲ್ಲ. ಲಾರಿಯಲ್ಲಿ ಜಾಗ ಸಾಲದೆ ಬಿಟ್ಟುಹೋಗಿದ್ದರು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಯಾರದು, ರಾಜೇಂದ್ರನಾ? ಎರಡು ದಿನದಿಂದ ಕಾಣಿಸ್ಲೇ ಇಲ್ಲ, ಮೈಗೆ ಹುಷಾರಿಲ್ವಾ?"

ಎದ್ದವಳು ಸಾಂತಿ. ಬೀದಿ ದಾಟಿ, ಮುದುಕಿಯ ಕಿವಿಯ ಹತ್ತಿರ ಬಗ್ಗಿ, ಬೆರಳು ಮಡಚುತ್ತ ಕೂಗಿ ಹೇಳಿದಳು: "ಊರು ಸುತ್ತಕ್ಕೆ ಹೋಗಿದ್ರು ಪಾಟಿ! ಮೈಸೂರು, ಚಿತ್ರದುರ್ಗ, ಹಂಪಿ, ಬಾದಾಮಿ, ಗೋವಾ, ಗೋಕರ್ಣ, ಉಡುಪಿ, ಮಂಗಳೂರು, ಕಣ್ಣೂರು..." ಒಂದೂ ತಪ್ಪಲಿಲ್ಲ, ಹಿಂದುಮುಂದಾಗಲಿಲ್ಲ. ಬಾದಾಮಿಗೆ ಹೋದದ್ದು ರಾಜೇಂದ್ರನ್ನನಿಗೇ ಮರೆತಿತ್ತು. ಅವನು ಮೆಟ್ಟಿಲ ಮೇಲಿಂದ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. "ಹದಿನೈದು ದಿನ ಪಾಟಿ! ಈ ವಂಡೀಲೆ! ಒಬ್ರೇ!"

ಮುತ್ತಮ್ಮಾಳ್ ಎಲ್ಲವನ್ನೂ ಗಮನವಿಟ್ಟು ಕೇಳಿದಳು. ವಂಡಿಯನ್ನು ನೋಡಿದಳು. ರಾಜೇಂದ್ರನ್ನನ ಸುಲಿದ ಮೂಗನ್ನು ನೋಡಿದಳು. ಅವಳ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು.

"ಅಯ್ಯೋ ಪಾಪ," ಎಂದಳು. "ಬಸ್ಸು ಸಿಗ್ಲಿಲ್ವಾ?"